ಗಾಳಿಯೊಡನೆ ಪಂದ್ಯ: ಕಿರಿಯರ ಸೈಕಲ್ ಓಟದಲ್ಲಿ ಅಡಗಿರುವ ವಿಜ್ಞಾನ

ಮಕ್ಕಳೇ, ಸೈಕಲ್ ತುಳಿಯಲು ಬರುವವರು ಕೈ ಎತ್ತಿ ಎಂದರೆ ನಿಮ್ಮ ತರಗತಿಯಲ್ಲಿ ಎಷ್ಟು ಕೈಗಳು ಮೇಲೇಳುತ್ತವೆ? ಬಹುಶಃ ಎಲ್ಲರ ಕೈಗಳೂ! ಕೆಲವರು ಅಪ್ಪನ ದೊಡ್ಡ ಸೈಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ, ಒಳಪೆಡಲ್ ಹೊಡೆಯುತ್ತಾ, ಮೊಣಕಾಲು ತರಚಿಕೊಂಡು ಕಲಿತಿರುತ್ತೀರಿ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶಾಲಾ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಆಗ ಸೈಕಲ್ ಪಡೆದ ಅಣ್ಣ ಅಕ್ಕಂದಿರು ನಿಮ್ಮ ಮನೆಯಲ್ಲೂ ಇರಬಹುದು.

ಆದರೆ ಸೈಕಲ್ ಶಾಲೆಗೆ ಹೋಗುವ ವಾಹನ ಮಾತ್ರವಲ್ಲ, ಅದೊಂದು ಕ್ರೀಡೆಯೂ ಹೌದು. ಕರ್ನಾಟಕದಲ್ಲಿ ಸೈಕಲ್ ಓಟ ಎಂದ ಕೂಡಲೇ ನೆನಪಾಗುವ ಜಿಲ್ಲೆಗಳು ವಿಜಯಪುರ ಮತ್ತು ಬಾಗಲಕೋಟೆ. ಅಲ್ಲಿ ಸೈಕ್ಲಿಂಗ್ ಕಲಿಯುವ ಮಕ್ಕಳಿಗಾಗಿಯೇ ಸರ್ಕಾರದ ಕ್ರೀಡಾ ವಸತಿ ನಿಲಯಗಳಿವೆ. ರಾಷ್ಟ್ರಮಟ್ಟದ ಕೂಟಗಳಲ್ಲಿ ನಮ್ಮ ರಾಜ್ಯಕ್ಕೆ ಪದಕ ತಂದ ಸೈಕಲ್ ಪಟುಗಳಲ್ಲಿ ಈ ಭಾಗದ ರೈತರ, ಕೂಲಿಕಾರರ ಮಕ್ಕಳು ಅನೇಕರಿದ್ದಾರೆ. ಹುಡುಗರಷ್ಟೇ ಅಲ್ಲ, ಹುಡುಗಿಯರೂ ಇದ್ದಾರೆ.

ರಸ್ತೆ ಸೈಕಲ್ ಓಟವನ್ನು ನೋಡಿದವರಿಗೆ ಮೂರು ಪ್ರಶ್ನೆಗಳು ಹುಟ್ಟುತ್ತವೆ. ಸವಾರರು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡಂತೆ ಹೋಗುವುದೇಕೆ? ಎಲ್ಲರಿಗಿಂತ ಮುಂದಿದ್ದವನು ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಪಕ್ಕಕ್ಕೆ ಸರಿದು ಹಿಂದಿನವನಿಗೆ ಜಾಗ ಬಿಡುವುದೇಕೆ? ಗೆಲ್ಲಲು ಬಂದವನು ಹೀಗೆ ಜಾಗ ಬಿಡಬಹುದೇ?

ಉತ್ತರ ಕಣ್ಣಿಗೆ ಕಾಣದ ಒಂದು ವಸ್ತುವಿನಲ್ಲಿದೆ. ಅದೇ ಗಾಳಿ. ಕಿರಿಯರ ಸ್ಪರ್ಧೆಗಳು ಹಲವು ಬಾರಿ ಶನಿವಾರ ಮತ್ತು ಭಾನುವಾರ ನಡೆಯುತ್ತವೆ. ಒಂದು ದಿನ ಒಂಟಿ ಓಟ, ಇನ್ನೊಂದು ದಿನ ಗುಂಪು ಓಟ. ಅಂಥ ಎರಡು ದಿನಗಳ ಸ್ಪರ್ಧೆಯನ್ನು ಈಗ ವಿಜ್ಞಾನದ ಕಣ್ಣಿನಿಂದ ನೋಡೋಣ.

ಶನಿವಾರ: ಒಂಟಿ ಓಟ

ಒಂಟಿ ಓಟದಲ್ಲಿ ಸವಾರರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಾರೆ. ಒಬ್ಬರು ಹೊರಟು ಅರ್ಧ ನಿಮಿಷವೋ ಒಂದು ನಿಮಿಷವೋ ಕಳೆದ ಮೇಲೆ ಮತ್ತೊಬ್ಬರು. ನಿಗದಿಯಾದ ದೂರವನ್ನು ಕಡಿಮೆ ಸಮಯದಲ್ಲಿ ಮುಗಿಸಿದವರೇ ವಿಜೇತರು. ಇನ್ನೊಬ್ಬರ ಬೆನ್ನ ಹಿಂದೆ ಅಡಗಿ ಹೋಗುವಂತಿಲ್ಲ. ಇಲ್ಲಿ ಸವಾರನಿಗೆ ಎದುರಾಳಿ ಎಂದರೆ ಗಡಿಯಾರ ಮತ್ತು ಗಾಳಿ.

ಗಾಳಿಗೆ ತೂಕವಿದೆಯೇ? ಖಂಡಿತ ಇದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಯುವ ಗಾಳಿ ಸುಮಾರು 1.2 ಕಿಲೊಗ್ರಾಂ ತೂಗುತ್ತದೆ. ಗಂಟೆಗೆ 36 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 10 ಮೀಟರ್. ಸವಾರನೂ ಸೈಕಲ್ಲೂ ಸೇರಿ ಎದುರಿನಿಂದ ನೋಡಿದಾಗ ಅರ್ಧ ಚದರ ಮೀಟರ್ ಜಾಗ ಮುಚ್ಚುತ್ತಾರೆ ಎಂದುಕೊಳ್ಳೋಣ. ಆಗ ಪ್ರತಿ ಸೆಕೆಂಡಿಗೆ 5 ಘನ ಮೀಟರ್, ಅಂದರೆ ಸುಮಾರು 6 ಕಿಲೊ ಗಾಳಿಯನ್ನು ಅವರು ದಾರಿಯಿಂದ ಪಕ್ಕಕ್ಕೆ ತಳ್ಳಬೇಕಾಗುತ್ತದೆ. ಒಂದು ನಿಮಿಷಕ್ಕೆ ಸುಮಾರು 360 ಕಿಲೊ! ಏಳು ಜೋಳದ ಚೀಲಗಳಷ್ಟು ತೂಕ. ದಣಿವಾಗದೆ ಇರುತ್ತದೆಯೇ?

ಗಾಳಿಯ ತಡೆಗೆ ಇನ್ನೊಂದು ಗುಣವಿದೆ. ವೇಗ ಎರಡು ಪಟ್ಟಾದರೆ ತಡೆ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ತಡೆ ಒಂಬತ್ತು ಪಟ್ಟು. ಈ ಲೆಕ್ಕ ನೋಡಿ:

ಗಂಟೆಗೆ 10 ಕಿ.ಮೀ. ವೇಗದಲ್ಲಿ ಗಾಳಿಯ ತಡೆ 1 ಪಾಲು
ಗಂಟೆಗೆ 20 ಕಿ.ಮೀ. ವೇಗದಲ್ಲಿ 4 ಪಾಲು
ಗಂಟೆಗೆ 30 ಕಿ.ಮೀ. ವೇಗದಲ್ಲಿ 9 ಪಾಲು
ಗಂಟೆಗೆ 40 ಕಿ.ಮೀ. ವೇಗದಲ್ಲಿ 16 ಪಾಲು

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30-35 ಕಿ.ಮೀ. ವೇಗ ದಾಟಿದ ಮೇಲೆ ಒಂಟಿ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸರಿಸುವುದಕ್ಕೇ ಖರ್ಚಾಗುತ್ತದೆ. ಟೈರು ಮತ್ತು ರಸ್ತೆಯ ನಡುವಿನ ತಡೆ, ಚೈನಿನ ಘರ್ಷಣೆ ಇವೆಲ್ಲ ಉಳಿದ ಸಣ್ಣ ಪಾಲು.

ಹಾಗಾದರೆ ತಡೆಯನ್ನು ಕಡಿಮೆ ಮಾಡುವುದು ಹೇಗೆ? ಗಾಳಿಗೆ ಎದುರಾಗುವ ಮೈಯನ್ನು ಚಿಕ್ಕದು ಮಾಡಬೇಕು. ಅದಕ್ಕೇ ಓಟದ ಸೈಕಲ್ಲಿನ ಹ್ಯಾಂಡಲ್ ಕೆಳಕ್ಕೆ ಬಾಗಿರುತ್ತದೆ. ಸವಾರ ಬೆನ್ನು ಬಗ್ಗಿಸಿ, ಮೊಣಕೈಗಳನ್ನು ಒಳಕ್ಕೆ ಎಳೆದುಕೊಂಡು ತುಳಿಯುತ್ತಾನೆ. ಅಂಗಿ ಪಟಪಟ ಬಡಿಯದಂತೆ ಮೈಗೆ ಅಂಟುವ ಉಡುಪು ತೊಡುತ್ತಾನೆ.

ನಿಮಗೆ ಗೊತ್ತೇ?

ಅಮೆರಿಕದ ಗ್ರೆಗ್ ಲೆಮಾಂಡ್ 1979ರಲ್ಲಿ ಕಿರಿಯರ ವಿಶ್ವ ಚಾಂಪಿಯನ್ ಆದ ಹುಡುಗ. ಹತ್ತು ವರ್ಷಗಳ ನಂತರ, 1989ರಲ್ಲಿ, ಫ್ರಾನ್ಸ್ ದೇಶವನ್ನು ಸುತ್ತುವ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಓಟದ ಕೊನೆಯ ದಿನ ಅವನು ಫ್ರಾನ್ಸಿನ ಲೊರಾಂ ಫಿನ್ಯೋನನಿಗಿಂತ 50 ಸೆಕೆಂಡ್ ಹಿಂದಿದ್ದ. ಅಂದು ಇದ್ದದ್ದು 24.5 ಕಿ.ಮೀ. ಒಂಟಿ ಓಟ. ಲೆಮಾಂಡ್ ತೋಳುಗಳನ್ನು ಮುಂದಕ್ಕೆ ಚಾಚಿ ಹಿಡಿಯುವ ಹೊಸ ಬಗೆಯ ಹ್ಯಾಂಡಲ್ ಬಳಸಿದ, ಗಾಳಿ ಸುಲಭವಾಗಿ ಜಾರುವಂಥ ಶಿರಸ್ತ್ರಾಣ ತೊಟ್ಟ. ಫಿನ್ಯೋನ್ ಬರಿದಲೆಯಲ್ಲಿ, ಹಿಂದೆ ಕಟ್ಟಿದ ಜುಟ್ಟಿನೊಡನೆ ಓಡಿಸಿದ. ಸುಮಾರು 3,285 ಕಿ.ಮೀ. ದೂರದ ಆ ಇಡೀ ಸ್ಪರ್ಧೆಯನ್ನು ಲೆಮಾಂಡ್ ಗೆದ್ದದ್ದು ಕೇವಲ 8 ಸೆಕೆಂಡ್ ಅಂತರದಿಂದ!

ಮಾಡಿ ನೋಡಿ - 1

ಬೇಕಾಗುವ ಸಾಮಗ್ರಿ: ದೊಡ್ಡ ರಟ್ಟಿನ ಹಾಳೆ.
ವಿಧಾನ: ರಟ್ಟನ್ನು ಎರಡು ಕೈಗಳಿಂದ ಎದೆಯ ಮುಂದೆ ಅಗಲವಾಗಿ ಹಿಡಿದು ಆಟದ ಮೈದಾನದಲ್ಲಿ ಮೊದಲು ನಡೆಯಿರಿ, ನಂತರ ಓಡಿರಿ. ಈಗ ರಟ್ಟಿನ ಅಂಚು ಮುಂದೆ ಬರುವಂತೆ ತಿರುಗಿಸಿ ಹಿಡಿದು ಮತ್ತೆ ಓಡಿರಿ.
ಗಮನಿಸಿ: ಯಾವಾಗ ಗಾಳಿ ಹೆಚ್ಚು ತಳ್ಳಿತು? ನಡೆಯುವಾಗಲೋ, ಓಡುವಾಗಲೋ? ಅಗಲವಾಗಿ ಹಿಡಿದಾಗಲೋ, ಅಂಚು ಮುಂದಿದ್ದಾಗಲೋ?

ಹಲ್ಲುಗಳ ಲೆಕ್ಕ

ನಿಮ್ಮ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಪೆಡಲಿನ ಬಳಿ ಇರುವ ದೊಡ್ಡ ಚಕ್ರದ ಹಲ್ಲುಗಳನ್ನೂ ಹಿಂದಿನ ಗಾಲಿಯ ನಡುವೆ ಇರುವ ಸಣ್ಣ ಚಕ್ರದ, ಅಂದರೆ ಫ್ರೀವೀಲಿನ, ಹಲ್ಲುಗಳನ್ನೂ ಎಣಿಸಿ. ಮುಂದೆ 48, ಹಿಂದೆ 16 ಇವೆ ಎಂದಿಟ್ಟುಕೊಳ್ಳೋಣ. 48ನ್ನು 16ರಿಂದ ಭಾಗಿಸಿದರೆ 3. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಮೂರು ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ 2 ಮೀಟರ್ ಆದರೆ ಒಂದು ತುಳಿತದ ಸುತ್ತಿಗೆ ಸೈಕಲ್ 6 ಮೀಟರ್ ಮುಂದೆ ಹೋಗುತ್ತದೆ.

ಓಟದ ಸೈಕಲ್ಲಿನಲ್ಲಿ ಬೇರೆ ಬೇರೆ ಗಾತ್ರದ ಹಲ್ಲಿನ ಚಕ್ರಗಳಿರುತ್ತವೆ. ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದನ್ನೇ ಗೇರ್ ಬದಲಿಸುವುದು ಎನ್ನುತ್ತೇವೆ. ಹಿಂದೆ ಸಣ್ಣ ಚಕ್ರ ಹಾಕಿದರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗಬಹುದು, ಆದರೆ ಪೆಡಲ್ ಭಾರವಾಗುತ್ತದೆ. ದೊಡ್ಡ ಚಕ್ರ ಹಾಕಿದರೆ ಪೆಡಲ್ ಹಗುರ, ಆದರೆ ದೂರ ಕಡಿಮೆ. ದಿಬ್ಬ ಹತ್ತುವಾಗ ಹಗುರ ಗೇರ್, ಇಳಿಜಾರಿನಲ್ಲಿ ಭಾರದ ಗೇರ್. ಒಂದು ಕಡೆ ಲಾಭವಾದರೆ ಇನ್ನೊಂದು ಕಡೆ ನಷ್ಟ, ಎರಡೂ ಕಡೆ ಲಾಭ ಕೊಡುವ ಯಂತ್ರವೇ ಇಲ್ಲ. ಸನ್ನೆಕೋಲಿನ ಪಾಠದಲ್ಲಿ ನೀವು ಓದಿದ್ದೂ ಇದನ್ನೇ ಅಲ್ಲವೇ?

ಬೆಳೆಯುವ ವಯಸ್ಸಿನ ಮಕ್ಕಳು ಭಾರದ ಗೇರನ್ನೇ ಬಲವಂತದಿಂದ ತುಳಿದರೆ ಮೊಣಕಾಲಿನ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ಅದಕ್ಕಾಗಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 17-18 ವರ್ಷದ ಕಿರಿಯರಿಗೆ ಬಹುಕಾಲ ಒಂದು ಮಿತಿ ಹಾಕಿತ್ತು. ಪೆಡಲಿನ ಒಂದು ಸುತ್ತಿಗೆ ಸೈಕಲ್ 7.93 ಮೀಟರಿಗಿಂತ ಹೆಚ್ಚು ಮುಂದೆ ಹೋಗುವಂತಿರಲಿಲ್ಲ. ಸ್ಪರ್ಧೆಯಲ್ಲಿ ಸೈಕಲ್ಲನ್ನು ಉರುಳಿಸಿ ಈ ದೂರವನ್ನು ಅಳೆದು ನೋಡುತ್ತಿದ್ದರು. 2023ರಿಂದ ಒಕ್ಕೂಟವು ಈ ಮಿತಿಯನ್ನು ತೆಗೆದುಹಾಕಿದೆ. ಆದರೂ ಒಳ್ಳೆಯ ತರಬೇತುದಾರರು ಮಕ್ಕಳಿಗೆ ಮೊದಲು ಹೇಳಿಕೊಡುವುದು ಹಗುರ ಗೇರಿನಲ್ಲಿ ವೇಗವಾಗಿ, ಸರಾಗವಾಗಿ ತುಳಿಯುವುದನ್ನೇ.

ಭಾನುವಾರ: ಗುಂಪು ಓಟ

ಭಾನುವಾರ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಗೆರೆಯನ್ನು ಮೊದಲು ದಾಟಿದವರೇ ವಿಜೇತರು. ನಿನ್ನೆಯವರೆಗೆ ಒಂಟಿಯಾಗಿದ್ದ ಸವಾರರು ಇಂದು ಗುಂಪುಗೂಡುತ್ತಾರೆ. ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ.

ಮುಂದಿನ ಸವಾರ ಗಾಳಿಯನ್ನು ಸೀಳಿಕೊಂಡು ಹೋಗುತ್ತಾನೆ. ಅವನ ಬೆನ್ನ ಹಿಂದೆ ಸ್ವಲ್ಪ ದೂರದವರೆಗೆ ಗಾಳಿಯೂ ಅವನ ಜೊತೆಗೇ ಎಳೆದಂತೆ ಮುಂದೆ ಚಲಿಸುತ್ತಿರುತ್ತದೆ. ಆ ಜಾಗದಲ್ಲಿ ಸೇರಿಕೊಂಡ ಎರಡನೆಯ ಸವಾರನಿಗೆ ಎದುರುಗಾಳಿ ಬಹಳ ಕಡಿಮೆ. ಇದಕ್ಕೆ 'ಗಾಳಿ ಮರೆ' ಎನ್ನೋಣ. ಬಿರುಗಾಳಿ ಬೀಸುವಾಗ ದನಗಳು ಗೋಡೆಯ ಮರೆಗೆ ನಿಲ್ಲುವುದನ್ನು ನೋಡಿದ್ದೀರಲ್ಲ? ಇಲ್ಲಿ ಗೋಡೆಯೂ ಚಲಿಸುತ್ತದೆ, ಮರೆಯಲ್ಲಿರುವವನೂ ಚಲಿಸುತ್ತಾನೆ.

2018ರಲ್ಲಿ ಬರ್ಟ್ ಬ್ಲಾಕನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 121 ಸವಾರರ ಗುಂಪನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಸಣ್ಣ ಬೊಂಬೆಗಳನ್ನು ಮಾಡಿ ಗಾಳಿ ಸುರಂಗದಲ್ಲಿ ಇಟ್ಟೂ ಪರೀಕ್ಷಿಸಿದರು. ಗುಂಪಿನ ನಡುವೆ, ಹಿಂಭಾಗದಲ್ಲಿ ಇರುವ ಸವಾರನಿಗೆ ತಗಲುವ ಗಾಳಿಯ ತಡೆ, ಒಂಟಿ ಸವಾರನಿಗೆ ತಗಲುವುದರ ಶೇಕಡಾ 5ರಿಂದ 10ರಷ್ಟು ಮಾತ್ರ ಎಂದು ಅವರು ಕಂಡುಕೊಂಡರು. ಇನ್ನೊಂದು ಸೋಜಿಗ ಗೊತ್ತೇ? ಹಿಂದೆ ಯಾರಾದರೂ ಇದ್ದರೆ ಮುಂದಿನವನಿಗೂ ಸ್ವಲ್ಪ ಲಾಭವಿದೆ. ಅವನ ಬೆನ್ನ ಹಿಂದೆ ಏಳುವ ಗಾಳಿಯ ಸುಳಿಗಳು ಕಡಿಮೆಯಾಗಿ, ಅವನನ್ನು ಹಿಂದಕ್ಕೆ ಎಳೆಯುವ ಬಲ ತುಸು ಇಳಿಯುತ್ತದೆ.

ಈಗ ಎರಡನೆಯ ಪ್ರಶ್ನೆ. ಮುಂದಿನವನು ಏಕೆ ಜಾಗ ಬಿಡುತ್ತಾನೆ? ಅವನೊಬ್ಬನೇ ಎಲ್ಲರ ಪರವಾಗಿ ಗಾಳಿ ಸೀಳುತ್ತಿದ್ದರೆ ಬೇಗ ಸುಸ್ತಾಗುತ್ತಾನೆ. ಆಗ ಇಡೀ ಸಾಲಿನ ವೇಗ ಇಳಿಯುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ದುಡಿದವನು ಪಕ್ಕಕ್ಕೆ ಸರಿದು ಹಿಂದಕ್ಕೆ ಬಂದು ಮರೆಯಲ್ಲಿ ದಣಿವಾರಿಸಿಕೊಳ್ಳುತ್ತಾನೆ. ಎರಡನೆಯವನು ಮುಂದಾಳಾಗುತ್ತಾನೆ. ಹಳ್ಳಿಯಲ್ಲಿ ಮುಯ್ಯಾಳು ಪದ್ಧತಿ ಇರುತ್ತದಲ್ಲ, ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಇದೂ ಹಾಗೆಯೇ. ಸರದಿ ತಪ್ಪಿಸದೆ ದುಡಿಯುವ ಐದು ಜನರ ಸಾಲು, ಅವರಲ್ಲಿ ಅತ್ಯಂತ ಬಲಶಾಲಿಯಾದ ಒಬ್ಬನಿಗಿಂತ ವೇಗವಾಗಿ ಹೋಗಬಲ್ಲದು.

ವಿಜಯಪುರದ ಕಡೆ ಎರೆಭೂಮಿಯ ಬಯಲಲ್ಲಿ ಮರಗಳು ಕಡಿಮೆ. ಅಂಥ ಬಯಲಲ್ಲಿ ಗಾಳಿ ಎದುರಿನಿಂದ ಮಾತ್ರವಲ್ಲ, ಪಕ್ಕದಿಂದಲೂ ಬೀಸುತ್ತದೆ. ಬಲಗಡೆಯಿಂದ ಬೀಸಿದರೆ ಮರೆ ಎಲ್ಲಿರುತ್ತದೆ? ಮುಂದಿನವನ ನೇರ ಹಿಂದೆ ಅಲ್ಲ, ಹಿಂದೆ ಎಡಗಡೆಗೆ. ಆಗ ಸವಾರರು ರಸ್ತೆಗೆ ಅಡ್ಡಲಾಗಿ ಓರೆ ಸಾಲು ಕಟ್ಟುತ್ತಾರೆ. ರಸ್ತೆಯ ಅಗಲ ಮುಗಿದಲ್ಲಿಗೆ ಮರೆಯೂ ಮುಗಿಯಿತು. ಜಾಗ ಸಿಗದೆ ಅಂಚಿನಲ್ಲಿ ಉಳಿದವರು ಗಾಳಿಗೆ ಸಿಕ್ಕಿ ಹಿಂದೆ ಬೀಳುತ್ತಾರೆ. ಹೀಗೆ ಒಂದು ದಿಬ್ಬವೂ ಇಲ್ಲದ ರಸ್ತೆಯಲ್ಲಿ ಗಾಳಿಯೇ ಗುಂಪನ್ನು ತುಂಡು ತುಂಡು ಮಾಡಿಬಿಡಬಹುದು.

ಈ ಓರೆ ಸಾಲು ನೋಡಿದರೆ ಹಾರುವ ಬಾತುಗಳ ನೆನಪಾಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಬಾಣದ ತುದಿಯಂತೆ ಸಾಲುಗಟ್ಟಿ ಹಾರುತ್ತವೆ. ಆದರೆ ಕಾರಣ ಬೇರೆ. ಮುಂದಿನ ಹಕ್ಕಿಯ ರೆಕ್ಕೆಯ ತುದಿಯಿಂದ ಮೇಲಕ್ಕೇಳುವ ಗಾಳಿಯನ್ನು ಹಿಂದಿನ ಹಕ್ಕಿ ಆಸರೆಯಾಗಿ ಬಳಸುತ್ತದೆ. ಸೈಕಲ್ ಸವಾರನಾದರೋ ಗಾಳಿಯಿಂದ ಅಡಗುತ್ತಾನೆ. ನೋಟ ಒಂದೇ, ಕಾರಣ ಬೇರೆ.

ಮಾಡಿ ನೋಡಿ - 2

ಬೇಕಾಗುವ ಸಾಮಗ್ರಿ: ನೀರು ತುಂಬಿದ ಬಾಟಲಿ, ತೆಳು ಕಾಗದದ ಪಟ್ಟಿ, ಕಡ್ಡಿ, ಟೇಬಲ್ ಫ್ಯಾನ್. ಫ್ಯಾನ್ ಇಲ್ಲದಿದ್ದರೆ ಗಾಳಿ ಬೀಸುವ ಕಿಟಕಿ.
ವಿಧಾನ: ಕಾಗದದ ಪಟ್ಟಿಯನ್ನು ಕಡ್ಡಿಗೆ ಅಂಟಿಸಿ ಗಾಳಿಗೆ ಹಿಡಿಯಿರಿ. ಅದು ಹಾರಾಡುತ್ತದೆ. ಈಗ ಮುಂದೆ ಬಾಟಲಿ ಇಟ್ಟು ಅದರ ಹಿಂದೆಯೇ ಪಟ್ಟಿಯನ್ನು ಹಿಡಿಯಿರಿ. ನಂತರ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸಿ.
ಗಮನಿಸಿ: ಬಾಟಲಿಯಿಂದ ಎಷ್ಟು ದೂರ ಸರಿದಾಗ ಪಟ್ಟಿ ಮತ್ತೆ ಜೋರಾಗಿ ಹಾರಾಡಿತು? ಸ್ಕೇಲಿನಿಂದ ಅಳೆದು ಬರೆಯಿರಿ.

ಅರ್ಧ ಮೀಟರಿನ ಅಪಾಯ

ಪ್ರಯೋಗದಲ್ಲಿ ನೀವು ನೋಡಿದಂತೆ, ಹತ್ತಿರ ಇದ್ದಷ್ಟೂ ಮರೆ ಹೆಚ್ಚು. ಅದಕ್ಕೇ ಓಟದ ಸವಾರರು ಮುಂದಿನವರ ಹಿಂಗಾಲಿಗೆ ಅರ್ಧ ಮೀಟರಿನಷ್ಟು ಹತ್ತಿರದಲ್ಲಿ ತಮ್ಮ ಮುಂಗಾಲಿಯನ್ನು ಇಟ್ಟು ಹೋಗುತ್ತಾರೆ. ಲಾಭ ಇರುವುದು ಈ ಅಂತರದಲ್ಲಿ. ಅಪಾಯ ಇರುವುದೂ ಇದೇ ಅಂತರದಲ್ಲಿ.

ಕಣ್ಣು ನೋಡಿ, ಮೆದುಳಿಗೆ ತಿಳಿದು, ಕೈ ಬ್ರೇಕ್ ಹಿಡಿಯಲು ಸುಮಾರು ಅರ್ಧ ಸೆಕೆಂಡಾದರೂ ಬೇಕು ಎಂದುಕೊಳ್ಳೋಣ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಆ ಅರ್ಧ ಸೆಕೆಂಡಿನಲ್ಲಿ ಸೈಕಲ್ 5 ಮೀಟರ್ ಸಾಗಿಬಿಟ್ಟಿರುತ್ತದೆ. ಮುಂದಿನವನು ಗಟ್ಟಿಯಾಗಿ ಬ್ರೇಕ್ ಹಿಡಿದರೆ ಹಿಂದಿನವನ ಬೆರಳು ಬ್ರೇಕ್ ಮುಟ್ಟುವಷ್ಟರಲ್ಲೇ ನಡುವಿನ ಅರ್ಧ ಮೀಟರ್ ಮುಗಿದಿರುತ್ತದೆ. ಮುಂಗಾಲಿ ಮುಂದಿನವನ ಹಿಂಗಾಲಿಗೆ ತಾಗಿತೆಂದರೆ ಬೀಳುವುದು ಬಹುತೇಕ ಹಿಂದಿನವನೇ. ಏಕೆಂದರೆ ನಾವು ಸೈಕಲ್ ಮೇಲೆ ಸಮತೋಲನ ಕಾಯುವುದು ಹ್ಯಾಂಡಲನ್ನು ಸದಾ ಆಚೆ ಈಚೆ ತುಸು ತುಸು ತಿರುಗಿಸುತ್ತಾ. ಮುಂಗಾಲಿ ಸಿಕ್ಕಿಕೊಂಡರೆ ಆ ತಿರುಗಿಸುವಿಕೆ ಸಾಧ್ಯವಾಗುವುದಿಲ್ಲ.

ಆದ್ದರಿಂದಲೇ ಗುಂಪಿನಲ್ಲಿ ಓಡಿಸುವುದನ್ನು ಕಲಿಯಲು ಮಕ್ಕಳು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ನೇರ ಗೆರೆಯಲ್ಲಿ ಹೋಗುವುದು, ಒಮ್ಮೆಲೇ ಬ್ರೇಕ್ ಹಿಡಿಯದಿರುವುದು, ಗುಂಡಿ ಕಂಡರೆ ಕೈ ತೋರಿಸಿ ಹಿಂದಿನವರಿಗೆ ತಿಳಿಸುವುದು, ಮುಂದಿನವನ ಗಾಲಿಯನ್ನೇ ದಿಟ್ಟಿಸದೆ ದೂರಕ್ಕೆ ನೋಡುವುದು. ಮುಂದಿನವನ ಕೈಸನ್ನೆಯೇ ಹಿಂದಿನವನಿಗೆ ಕಣ್ಣು. ಎದುರಾಳಿಗಳೇ ಆದರೂ ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿರುತ್ತದೆ.

ಮಕ್ಕಳೇ, ಇಲ್ಲಿ ಒಂದು ಎಚ್ಚರಿಕೆಯ ಮಾತು. ಶಾಲೆಗೆ ಹೋಗುವಾಗ ಟ್ರ್ಯಾಕ್ಟರ್ ಟ್ರೇಲರನ್ನೋ ಲಾರಿಯನ್ನೋ ಹಿಡಿದುಕೊಂಡು, ಇಲ್ಲವೇ ಅವುಗಳ ಹಿಂದೆಯೇ ಅಂಟಿಕೊಂಡು ಹೋಗುವ ಹುಡುಗರಿದ್ದಾರೆ. ತುಳಿಯುವ ಶ್ರಮ ತಪ್ಪುತ್ತದೆ ನಿಜ. ಆದರೆ ಲಾರಿ ಚಾಲಕ ನಿಮಗೆ ಕೈಸನ್ನೆ ಮಾಡುವುದಿಲ್ಲ. ನೀವು ಹಿಂದಿರುವುದು ಅವನಿಗೆ ಕಾಣುವುದೂ ಇಲ್ಲ. ಮುಂದಿನ ಗುಂಡಿ ನಿಮಗೆ ಕಾಣುವುದಿಲ್ಲ. ಸ್ಪರ್ಧೆ ನಡೆಯುವುದು ವಾಹನಗಳನ್ನು ನಿಯಂತ್ರಿಸಿದ ರಸ್ತೆಯಲ್ಲಿ, ತರಬೇತಿ ಪಡೆದವರ ನಡುವೆ. ನಿತ್ಯದ ರಸ್ತೆಯಲ್ಲಿ ಈ ವಿದ್ಯೆಯನ್ನು ಎಂದೂ ಪ್ರಯೋಗಿಸಬೇಡಿ.

ತಿರುವು ಮತ್ತು ಬ್ರೇಕು

ತಿರುವಿನಲ್ಲಿ ಸವಾರ ಸೈಕಲ್ ಸಮೇತ ಒಳಕ್ಕೆ ವಾಲುತ್ತಾನೆ. ಚಲಿಸುವ ವಸ್ತು ನೇರವಾಗಿಯೇ ಹೋಗಲು ಬಯಸುತ್ತದೆ, ಇದು ಜಡತ್ವ. ಅದನ್ನು ತಿರುಗಿಸಲು ಒಳಮುಖವಾದ ಒಂದು ಬಲ ಬೇಕು. ಆ ಬಲವನ್ನು ಕೊಡುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಟೈರು ರಸ್ತೆಯನ್ನು ಮುಟ್ಟುವ ಜಾಗ ಹೆಬ್ಬೆರಳಿನ ಗುರುತಿನಷ್ಟು ಚಿಕ್ಕದು! ಅಲ್ಲಿ ಮರಳೋ ಜಲ್ಲಿಯೋ ನೀರೋ ಇದ್ದರೆ ಘರ್ಷಣೆ ಕಡಿಮೆಯಾಗಿ ಗಾಲಿ ಜಾರುತ್ತದೆ. ಅದಕ್ಕೇ ಅನುಭವಿ ಸವಾರರು ತಿರುವಿಗೆ ಮೊದಲೇ ಎರಡೂ ಬ್ರೇಕುಗಳನ್ನು ಹದವಾಗಿ ಹಿಡಿದು ವೇಗ ಇಳಿಸುತ್ತಾರೆ, ತಿರುವಿನ ಒಳಗೆ ಬ್ರೇಕ್ ಅದುಮುವುದಿಲ್ಲ.

ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರಕ್ಕೂ ಗಾಳಿಯ ತಡೆಯ ಲೆಕ್ಕವೇ ಅನ್ವಯಿಸುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟು.

ಟೈರಿನ ಮಾತು ಬಂತಲ್ಲ, ಅದಕ್ಕೊಂದು ಕಥೆಯಿದೆ. ಬೆಲ್‌ಫಾಸ್ಟ್ ನಗರದಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಪುಟ್ಟ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1889ರಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಗಾಳಿ ಟೈರಿನ ಸೈಕಲ್ ಏರಿ ಅಲ್ಲಿನ ಓಟಗಳನ್ನು ಗೆದ್ದ. ಗಟ್ಟಿ ರಬ್ಬರಿನ ಗಾಲಿಗಳ ಕಾಲ ಅಲ್ಲಿಂದ ಮುಗಿಯತೊಡಗಿತು. ಒಬ್ಬ ಮಗುವಿಗಾಗಿ ಮಾಡಿದ ಟೈರು ಇಂದು ಜಗತ್ತಿನ ವಾಹನಗಳನ್ನೆಲ್ಲ ಹೊತ್ತಿದೆ.

ಎಂಜಿನ್ ಯಾವುದು? ಇಂಧನ ಯಾವುದು?

ಸೈಕಲ್ಲಿಗೆ ಎಂಜಿನ್ ಸವಾರನೇ. ಇಂಧನ ಅವನು ತಿಂದ ಆಹಾರ. ರೊಟ್ಟಿ, ಅನ್ನ, ಬಾಳೆಹಣ್ಣುಗಳಲ್ಲಿರುವ ಪಿಷ್ಟ ಮತ್ತು ಸಕ್ಕರೆ ಜೀರ್ಣವಾಗಿ ಒಂದು ಪಾಲು ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೋಜನ್ ಎಂಬ ರೂಪದಲ್ಲಿ ಸಂಗ್ರಹವಾಗುತ್ತದೆ. ಜೋರಾಗಿ ತುಳಿದರೆ ಈ ಉಗ್ರಾಣ ಸುಮಾರು ಒಂದೂವರೆಯಿಂದ ಎರಡು ಗಂಟೆಗಳಲ್ಲಿ ಬರಿದಾಗುತ್ತಾ ಬರುತ್ತದೆ. ಆಗ ಕಾಲು ಸೋತು ತಲೆ ಸುತ್ತುತ್ತದೆ. ಅದಕ್ಕೇ ದೂರದ ಓಟದಲ್ಲಿ ಹಸಿವಾಗುವ ಮೊದಲೇ ಬಾಳೆಹಣ್ಣು, ಬೆಲ್ಲ, ಖರ್ಜೂರದಂಥವನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಾರೆ.

ಸ್ನಾಯುಗಳು ಖರ್ಚು ಮಾಡುವ ಶಕ್ತಿಯ ನಾಲ್ಕು ಪಾಲಿನಲ್ಲಿ ಸುಮಾರು ಒಂದು ಪಾಲು ಮಾತ್ರ ಪೆಡಲಿಗೆ ಸೇರುತ್ತದೆ. ಉಳಿದ ಮೂರು ಪಾಲು ಶಾಖವಾಗುತ್ತದೆ. ಆ ಶಾಖವನ್ನು ಹೊರಹಾಕಲು ಮೈ ಬೆವರುತ್ತದೆ. ಬೆವರು ಆರುವಾಗ ಮೈಯ ಶಾಖವನ್ನು ಹೀರಿಕೊಂಡು ಹೋಗುತ್ತದೆ, ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವ ಹಾಗೆ. ಬೆವರಿನ ಜೊತೆ ನೀರೂ ಉಪ್ಪೂ ಹೋಗುವುದರಿಂದ ಅವನ್ನು ಮತ್ತೆ ತುಂಬಬೇಕು. ಉಪ್ಪು ಹಾಕಿದ ನೀರು ಮಜ್ಜಿಗೆ ಓಟದ ನಂತರ ಒಳ್ಳೆಯ ಪಾನೀಯ. ಬಯಲುಸೀಮೆಯ ಬಿಸಿಲಲ್ಲಿ ಓಟಗಳನ್ನು ಬೆಳಗಿನ ಹೊತ್ತೇ ಇಟ್ಟುಕೊಳ್ಳುವುದು ಏಕೆಂದು ಈಗ ತಿಳಿಯಿತೇ?

ತಲೆಗೊಂದು ಮೆತ್ತೆ

ನಿಂತ ಸೈಕಲ್ಲಿನಿಂದ ಬಿದ್ದರೂ ತಲೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಬೀಳುತ್ತದೆ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಆಗಿರುತ್ತದೆ. ಗಟ್ಟಿ ರಸ್ತೆಗೆ ಬಡಿದರೆ ಈ ವೇಗ ಕ್ಷಣಾರ್ಧದಲ್ಲಿ ಸೊನ್ನೆಯಾಗಬೇಕು, ಪೆಟ್ಟು ಭಯಂಕರ. ಶಿರಸ್ತ್ರಾಣದ ಒಳಗಿರುವ ನೊರೆಯಂಥ ಹಗುರ ವಸ್ತು ಒಂದೆರಡು ಸೆಂಟಿಮೀಟರ್ ಜಜ್ಜಿಹೋಗಿ ತಲೆ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. ನಿಲ್ಲುವ ದೂರ ಹೆಚ್ಚಿದಷ್ಟೂ ಪೆಟ್ಟು ಕಡಿಮೆ. ತಾನು ಒಡೆದು ತಲೆಯನ್ನು ಉಳಿಸುವುದೇ ಅದರ ಕೆಲಸ. ಒಮ್ಮೆ ಜೋರಾದ ಪೆಟ್ಟು ತಿಂದ ಶಿರಸ್ತ್ರಾಣವನ್ನು ಮತ್ತೆ ಬಳಸಬಾರದು.

2003ರ ಮಾರ್ಚ್‌ನಲ್ಲಿ ಕಜಕಸ್ತಾನದ ಹೆಸರಾಂತ ಸವಾರ ಆಂದ್ರೇ ಕಿವಿಲೆವ್ ಫ್ರಾನ್ಸಿನಲ್ಲಿ ಓಟದ ನಡುವೆ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರು ಶಿರಸ್ತ್ರಾಣ ತೊಟ್ಟಿರಲಿಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಒಕ್ಕೂಟವು ವೃತ್ತಿಪರ ಓಟಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ಗೆಲ್ಲುವುದಕ್ಕಾಗಿ ಗ್ರಾಂ ಲೆಕ್ಕದಲ್ಲಿ ತೂಕ ಇಳಿಸುವ ಸವಾರರೂ ಇಂದು ತಲೆಯ ಮೇಲಿನ ಈ ತೂಕವನ್ನು ಇಳಿಸುವುದಿಲ್ಲ.

ಕೊನೆಯ ಇನ್ನೂರು ಮೀಟರ್

ಈಗ ಮೂರನೆಯ ಪ್ರಶ್ನೆ ಉಳಿಯಿತು. ಗೆಲ್ಲಲು ಬಂದವನು ಜಾಗ ಬಿಡಬಹುದೇ? ಬಿಡಬಹುದು, ಬಿಡಲೂ ಬೇಕು. ಮೊದಲಿನಿಂದ ಕೊನೆಯವರೆಗೆ ಎಲ್ಲರಿಗಿಂತ ಮುಂದೆ ಗಾಳಿ ಸೀಳಿದವನಲ್ಲಿ ಕೊನೆಯ ಇನ್ನೂರು ಮೀಟರಿಗೆ ಶಕ್ತಿ ಉಳಿದಿರುವುದಿಲ್ಲ. ಹಾಗೆಂದು ಒಮ್ಮೆಯೂ ಮುಂದೆ ಬಾರದೆ ಎಲ್ಲರ ಬೆನ್ನ ಹಿಂದೆಯೇ ಅಡಗಿರುವವನನ್ನು ಉಳಿದವರು ನಂಬುವುದಿಲ್ಲ. ಅವನ ಸರದಿ ಬಂದಾಗ ಅವರೂ ದುಡಿಯುವುದನ್ನು ನಿಲ್ಲಿಸುತ್ತಾರೆ, ಆಗ ಇಡೀ ಗುಂಪಿನ ವೇಗ ಕುಸಿಯುತ್ತದೆ. ತನ್ನ ಪಾಲಿನ ಗಾಳಿಯನ್ನು ತಾನು ಎದುರಿಸಿ, ಉಳಿದ ಹೊತ್ತಿನಲ್ಲಿ ಶಕ್ತಿ ಕಾಯ್ದಿಟ್ಟುಕೊಂಡವನಿಗೆ ಕೊನೆಯ ಗೆರೆಯ ಬಳಿ ಅವಕಾಶ ಹೆಚ್ಚು.

ನಾಳೆ ಶಾಲೆಗೆ ಸೈಕಲ್ ತುಳಿದುಕೊಂಡು ಬರುವಾಗ ಎದುರುಗಾಳಿ ಬೀಸಿದರೆ ಸ್ವಲ್ಪ ಬಗ್ಗಿ ನೋಡಿ. ಪೆಡಲ್ ಹಗುರವಾಯಿತೇ? ಹಾಗಾದರೆ ಈ ಪಾಠ ನಿಮಗೆ ಅರ್ಥವಾಯಿತು.

ಉತ್ತರ ಹುಡುಕಿ

1. ಗಂಟೆಗೆ 15 ಕಿ.ಮೀ. ವೇಗದಲ್ಲಿ ಗಾಳಿಯ ತಡೆ 1 ಪಾಲು ಇದ್ದರೆ, 45 ಕಿ.ಮೀ. ವೇಗದಲ್ಲಿ ಎಷ್ಟು ಪಾಲು?
2. ಮುಂದೆ 44, ಹಿಂದೆ 22 ಹಲ್ಲುಗಳಿವೆ. ಗಾಲಿಯ ಸುತ್ತಳತೆ 2 ಮೀಟರ್. ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ದೂರ ಹೋಗುತ್ತದೆ? ಇದು ದಿಬ್ಬಕ್ಕೆ ಒಳ್ಳೆಯದೋ, ಇಳಿಜಾರಿಗೋ?
3. ಗಾಳಿ ಎಡಗಡೆಯಿಂದ ಬೀಸಿದರೆ ಓರೆ ಸಾಲು ಯಾವ ಕಡೆಗೆ ಇರುತ್ತದೆ? ಚಿತ್ರ ಬರೆಯಿರಿ.
4. ಸುಮ್ಮನೆ ಕುಳಿತಾಗ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಐದು ನಿಮಿಷ ಸೈಕಲ್ ತುಳಿದ ಮೇಲೆ ಮತ್ತೆ ಎಣಿಸಿ. ವ್ಯತ್ಯಾಸಕ್ಕೆ ಕಾರಣವೇನು?

ಶಿಕ್ಷಕರಿಗೆ ಸೂಚನೆ

ಹಲ್ಲು ಎಣಿಸುವ ಚಟುವಟಿಕೆಯಲ್ಲಿ ಪೆಡಲ್ ತಿರುಗುತ್ತಿರುವಾಗ ಮಕ್ಕಳು ಚೈನಿಗೆ ಬೆರಳು ತಾಗಿಸದಂತೆ ನೋಡಿಕೊಳ್ಳಿ. ಶಿರಸ್ತ್ರಾಣದ ಪಾಠಕ್ಕಾಗಿ ಎರಡು ಮಣ್ಣಿನ ಹಣತೆಗಳನ್ನು ಒಂದೇ ಎತ್ತರದಿಂದ, ಒಂದನ್ನು ಕಲ್ಲಿನ ಮೇಲೆ, ಇನ್ನೊಂದನ್ನು ದಪ್ಪ ಮರಳಿನ ಮೇಲೆ ತಾವೇ ಬೀಳಿಸಿ ತೋರಿಸಬಹುದು. ಚೂರುಗಳು ಸಿಡಿಯುವುದರಿಂದ ಮಕ್ಕಳನ್ನು ದೂರ ನಿಲ್ಲಿಸಿ. ಒಂದು ಹಣತೆ ಒಡೆದು ಇನ್ನೊಂದು ಉಳಿದದ್ದೇಕೆ ಎಂಬುದಕ್ಕೆ ಕಾರಣವನ್ನು ಮಕ್ಕಳೇ ಹೇಳಲಿ.